ಮಾರ್ಚ್‌ನಲ್ಲಿ 14, ಮೇನಲ್ಲಿ 9: ತಲೆಪೆಟ್ಟಿನ ನಂತರದ ತೊಡಕನ್ನು ಅಳೆಯುವುದು ಹೇಗೆ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ, ವಯಸ್ಸು 43. ಕಳೆದ ನವೆಂಬರ್‌ನಲ್ಲಿ ಸ್ಕೂಟರ್ ಸ್ಕಿಡ್ ಆಗಿ ಬಿದ್ದೆ. ಹೆಲ್ಮೆಟ್ ಇತ್ತು. ಒಂದೆರಡು ನಿಮಿಷ ಎಚ್ಚರ ಇರಲಿಲ್ಲವಂತೆ. ಸಿ.ಟಿ. ಸ್ಕ್ಯಾನ್ ನಾರ್ಮಲ್. ಡಿಸ್ಚಾರ್ಜ್ ಚೀಟಿಯಲ್ಲಿ ‘ಜಿಸಿಎಸ್ 15, ಕನ್ಕಷನ್’ (ತಲೆಪೆಟ್ಟಿನಿಂದ ಮಿದುಳು ಅಲುಗಿದ್ದು) ಎಂದಿದೆ. ಆದರೂ ತಲೆನೋವು, ಮರೆವು, ಗದ್ದಲ ತಡೆಯಲಾಗದಿರುವುದು ಹೋಗಿಲ್ಲ. ಮಾರ್ಚ್‌ನಲ್ಲಿ ಆಸ್ಪತ್ರೆಯಲ್ಲಿ ಎರಡು ಪ್ರಶ್ನಾವಳಿ ತುಂಬಿಸಿದರು. ರಿವರ್‌ಮೀಡ್ ಎಂಬುದರಲ್ಲಿ 64ಕ್ಕೆ 33, ಹೂಡಾಸ್ ಎಂಬುದರಲ್ಲಿ 48ಕ್ಕೆ 14. ಮೇ ಕೊನೆಗೆ ಮತ್ತೆ ತುಂಬಿಸಿದಾಗ 31 ಮತ್ತು 9. ಐದು ಅಂಕ ಇಳಿದಿದೆ, ವಾಸಿಯಾಗುತ್ತಿದೆ ಅನ್ನುತ್ತಾರೆ ಯಜಮಾನರು. ಶಾಲೆ ಶುರುವಾಗಿ ಎರಡು ವಾರಕ್ಕೇ ನಾನು ಮೊದಲಿನ ಸ್ಥಿತಿಗೆ ಬಂದಿದ್ದೇನೆ. ವಿಮೆಗಾಗಿ ತೋರಿಸಿಕೊಂಡ ಇನ್ನೊಬ್ಬ ಡಾಕ್ಟರು ‘ಅಂಗವೈಕಲ್ಯ ಇಲ್ಲ’ ಎಂದು ಬರೆದರು. ಯಾವ ಅಂಕಿ ನಿಜ? ನನಗೆ ಎಷ್ಟು ಪರ್ಸೆಂಟ್ ತೊಂದರೆ ಇದೆ? ನೆನಪಿನ ಪರೀಕ್ಷೆಯನ್ನೂ ಮಾಡಿಸಲೇ? (ತುಂಬಿದ ನಾಲ್ಕೂ ಹಾಳೆಗಳ ನಕಲು ಲಗತ್ತಿಸಿದ್ದೇನೆ.)

ಉತ್ತರ: ಟೀಚರ್, ನಿಮ್ಮ ಯಜಮಾನರ ಕಳೆಯುವ ಲೆಕ್ಕ ಸರಿಯಿದೆ. ಆದರೆ ಅವರು ಕ್ಯಾಲೆಂಡರ್ ನೋಡಿಲ್ಲ. ಮೇ ಕೊನೆಯ ವಾರ ನೀವು ತುಂಬಿದ ಹೂಡಾಸ್ ಹಾಳೆ ಕೇಳಿದ್ದು ಅದರ ಹಿಂದಿನ 30 ದಿನಗಳ ವಿಚಾರ. ಆ 30 ದಿನ ನಿಮಗೆ ಬೇಸಿಗೆ ರಜೆ. ನಾಲ್ಕು ಹಾಳೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದೆ. ನಿಮ್ಮ ಪ್ರಶ್ನೆಗೆ ಉತ್ತರ ಅವುಗಳೊಳಗೇ ಇದೆ. ಅದನ್ನು ಬಿಡಿಸಿ ಹೇಳುವ ಮೊದಲು, ಯಾವ ಹಾಳೆ ಏನನ್ನು ಅಳೆಯುತ್ತದೆ ಎಂಬುದು ಸ್ಪಷ್ಟವಾಗಬೇಕು.

ಮೊದಲು ‘ಜಿಸಿಎಸ್ 15’, ಅಂದರೆ ಎಚ್ಚರದ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್. ಇದು ಗ್ಲಾಸ್ಗೋ ನಗರದ ಇಬ್ಬರು ನರಶಸ್ತ್ರಜ್ಞರು 1974ರಲ್ಲಿ ಕೊಟ್ಟ ಅಳತೆ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಈ ಮೂರನ್ನು ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. 13ರಿಂದ 15 ಬಂದು, ಎಚ್ಚರ ತಪ್ಪಿದ್ದು 30 ನಿಮಿಷ ಮೀರದೆ, ಪೆಟ್ಟಿನ ಆಸುಪಾಸಿನ ನೆನಪಿನ ಗೊಂದಲ 24 ಗಂಟೆಯೊಳಗೆ ತಿಳಿಯಾದರೆ ಅದಕ್ಕೆ ‘ಮೈಲ್ಡ್’ ಎಂಬ ಹಣೆಪಟ್ಟಿ. ಈ ಪದ ನಮ್ಮ ಆಸ್ಪತ್ರೆಗಳಲ್ಲಿ ಮಾಡಿರುವ ಅನಾಹುತ ಅಷ್ಟಿಷ್ಟಲ್ಲ. ಮೈಲ್ಡ್ ಅನ್ನುವುದು ಬಿದ್ದ ದಿನದ ಪೆಟ್ಟಿನ ವರ್ಣನೆ. ಏಳು ತಿಂಗಳ ನಂತರ ಎಂಟನೇ ತರಗತಿಗೆ ಬೀಜಗಣಿತ ಹೇಳಿಕೊಡುವಾಗ ನಿಮಗೆ ಏನಾಗುತ್ತದೆ ಎಂಬುದರ ಬಗ್ಗೆ ಅದಕ್ಕೆ ಹೇಳುವುದೇನೂ ಇಲ್ಲ. ಸಿ.ಟಿ. ಸ್ಕ್ಯಾನ್ ಕೂಡ ಹಾಗೇ. ಅದು ರಕ್ತಸ್ರಾವ, ಮೂಳೆ ಬಿರುಕು ಹುಡುಕಲು ಇರುವ ಯಂತ್ರ. ಕನ್ಕಷನ್ ಆದ ಬಹುತೇಕರಲ್ಲಿ ಅದು ನಾರ್ಮಲ್ ಆಗಿಯೇ ಇರುತ್ತದೆ.

ರಿವರ್‌ಮೀಡ್ ಹಾಳೆ ಬಂದದ್ದು ಇಂಗ್ಲೆಂಡಿನಿಂದ, 1995ರಲ್ಲಿ. ತಲೆನೋವು, ತಲೆಸುತ್ತು, ವಾಕರಿಕೆ, ಗದ್ದಲ ಸಹಿಸದಿರುವುದು, ನಿದ್ದೆ ಕೆಡುವುದು, ಸುಸ್ತು, ಸಿಡುಕು, ಮರೆವು ಹೀಗೆ 16 ಲಕ್ಷಣಗಳು. ಒಂದೊಂದಕ್ಕೂ 0ರಿಂದ 4. ಕೇಳುವುದು ಕಳೆದ 24 ಗಂಟೆಯ ಬಗ್ಗೆ, ಅದೂ ಪೆಟ್ಟಿಗೆ ಮೊದಲು ಹೇಗಿತ್ತೋ ಅದಕ್ಕೆ ಹೋಲಿಸಿ. ಇಲ್ಲಿ ಒಂದು ಸೂಕ್ಷ್ಮವಿದೆ: 1 ಎಂದರೆ ‘ಮೊದಲೂ ಇತ್ತು, ಈಗಲೂ ಅಷ್ಟೇ ಇದೆ’ ಎಂದರ್ಥ. ಹಾಗಾಗಿ ಮೊತ್ತ ಹಾಕುವಾಗ 1 ಬಂದವನ್ನೆಲ್ಲ ಬಿಟ್ಟುಬಿಡಬೇಕು. ನಿಮ್ಮ ಹಾಳೆಯಲ್ಲಿ ಸರಿಯಾಗಿಯೇ ಬಿಟ್ಟಿದ್ದಾರೆ. ಬೇರೆ ಕಡೆ ಬಿಡದೆ ಕೂಡಿ, ಅಂಕ ಉಬ್ಬಿಸಿ ಕಳಿಸಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಈ ಹಾಳೆಯ ದೊಡ್ಡ ತೊಡಕೆಂದರೆ ‘ಮೊದಲು’ ಎಂಬ ಪದ. ಅಪಘಾತವಾದ ಮೇಲೆ ನಮಗೆ ಹಳೆಯ ದಿನಗಳೆಲ್ಲ ಬಂಗಾರವಾಗಿ ಕಾಣುತ್ತವೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ತೋರಿಸಿತು: ಕನ್ಕಷನ್ ಆದವರು ತಮಗೆ ಪೆಟ್ಟಿಗೆ ಮೊದಲು ಇದ್ದವೆಂದು ನೆನೆಯುವ ತೊಂದರೆಗಳು, ಪೆಟ್ಟೇ ಬೀಳದ ಆರೋಗ್ಯವಂತರು ತಮಗಿವೆ ಎಂದು ಹೇಳುವುದಕ್ಕಿಂತ ಕಡಿಮೆ. ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಇದರರ್ಥವಲ್ಲ. ಮನುಷ್ಯರ ನೆನಪು ಇರುವುದೇ ಹೀಗೆ. ಹಾಳೆಯ ಅಂಚಿನಲ್ಲಿ ‘ಮೊದಲು ಮರೆವು ಅನ್ನುವುದೇ ಗೊತ್ತಿರಲಿಲ್ಲ’ ಎಂದು ಬರೆದಿದ್ದೀರಿ. ನಿಮ್ಮ ಮಗಳನ್ನೊಮ್ಮೆ ಕೇಳಿ ನೋಡಿ.

ಇನ್ನು ಹೂಡಾಸ್. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಪ್ರಶ್ನಾವಳಿ ಇದು. ಈಗ ಬಳಕೆಯಲ್ಲಿರುವ 2.0 ಆವೃತ್ತಿಯ ಕೈಪಿಡಿ 2010ರಲ್ಲಿ ಬಂತು. ಅನುವಾದಗೊಂಡ ಭಾಷೆಗಳಲ್ಲಿ ಕನ್ನಡವೂ ಇದೆ. ಪೂರ್ತಿ ರೂಪದಲ್ಲಿ 36 ಪ್ರಶ್ನೆ, ನಿಮಗೆ ಕೊಟ್ಟಿರುವುದು 12 ಪ್ರಶ್ನೆಯ ಚಿಕ್ಕ ರೂಪ. ಈ ಹಾಳೆ ನೋವಿದೆಯೇ ಎಂದು ಕೇಳುವುದಿಲ್ಲ. ಅರ್ಧ ಗಂಟೆ ನಿಲ್ಲುವುದು, ಮನೆಯ ಜವಾಬ್ದಾರಿ, ಹೊಸದನ್ನು ಕಲಿಯುವುದು, ಹಬ್ಬ ಸಮಾರಂಭಗಳಲ್ಲಿ ಬೆರೆಯುವುದು, ಹತ್ತು ನಿಮಿಷ ಒಂದೇ ಕಡೆ ಗಮನ ಇಡುವುದು, ಕಿಲೋಮೀಟರ್ ನಡೆಯುವುದು, ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಅಪರಿಚಿತರೊಡನೆ ವ್ಯವಹಾರ, ಸ್ನೇಹ ಉಳಿಸಿಕೊಳ್ಳುವುದು, ದಿನದ ಉದ್ಯೋಗ: ಇವೆಲ್ಲ ಎಷ್ಟು ಕಷ್ಟವಾದವು, ಇದರಿಂದ ಮನಸ್ಸಿಗೆ ಎಷ್ಟು ತಟ್ಟಿತು ಎಂದಷ್ಟೇ ಕೇಳುತ್ತದೆ. ಒಂದೊಂದಕ್ಕೂ 0ರಿಂದ 4; ಇಲ್ಲಿ 1 ಕೂಡ ಲೆಕ್ಕಕ್ಕೆ ಸೇರುತ್ತದೆ. ಕಾರಣ ತಲೆಯೋ, ಕುತ್ತಿಗೆಯೋ, ಖಿನ್ನತೆಯೋ, ಅದಕ್ಕೆ ಬೇಕಿಲ್ಲ.

ಇಲ್ಲಿ ನಮ್ಮ ಭಾಷೆಯ ಒಂದು ಕಿರಿಕಿರಿಯನ್ನು ಹೇಳಲೇಬೇಕು. ‘ಅಂಗವೈಕಲ್ಯ’ ಎಂಬ ಪದದ ಬಾಗಿಲಲ್ಲೇ ‘ಅಂಗ’ ಕೂತಿದೆ. ಹಾಗಾಗಿ ಪ್ರಮಾಣಪತ್ರ ಬರೆಯುವವರು ಮೊದಲು ಅಂಗಾಂಗ ನೋಡುತ್ತಾರೆ. ಕೈ ಎತ್ತಿಸುತ್ತಾರೆ, ಕಾಲು ಮಡಿಸುತ್ತಾರೆ, ಎಲ್ಲ ಸರಿಯಿದೆ, ‘ಇಲ್ಲ’ ಎಂದು ಬರೆಯುತ್ತಾರೆ. ನಿಮ್ಮ ವಿಷಯದಲ್ಲಿ ಆದದ್ದೂ ಇದೇ ಇರಬೇಕು. ಹೂಡಾಸ್ ಅಳೆಯುವುದಕ್ಕೆ ನಾನು ನನ್ನ ಒಪಿಡಿಯಲ್ಲಿ ‘ತೊಡಕು’ ಎಂಬ ಮಾತು ಬಳಸುತ್ತೇನೆ. ತೊಡಕು ಒಬ್ಬರ ಮೈಯೊಳಗೆ ಮಾತ್ರ ಇರುವಂಥದ್ದಲ್ಲ. ಮೈಗೂ ಮಾಡಬೇಕಾದ ಕೆಲಸಕ್ಕೂ ನಡುವೆ ಇರುತ್ತದೆ. ಕಾರ್ಯಸಾಮರ್ಥ್ಯ ಮತ್ತು ವೈಕಲ್ಯದ ಬಗ್ಗೆ ವಿಶ್ವ ಆರೋಗ್ಯ ಸಭೆ 2001ರಲ್ಲಿ ಒಪ್ಪಿಕೊಂಡ ವರ್ಗೀಕರಣದ ಹಿಂದಿರುವ ಯೋಚನೆ ಇದೇ. ಹೂಡಾಸ್ ನಿಂತಿರುವುದು ಅದರ ಮೇಲೆ.

ಈಗ ನಿಮ್ಮ ಹಾಳೆಗಳಿಗೆ ಬರೋಣ. ಮಾರ್ಚ್‌ನಲ್ಲಿ ನೀವು ಕೊಟ್ಟ ಅಂಕಗಳು: ನಿಲ್ಲುವುದು 1, ಮನೆಗೆಲಸ 2, ಹೊಸ ಕಲಿಕೆ 1, ಸಮಾರಂಭ 3, ಮನಸ್ಸಿಗೆ ತಟ್ಟಿದ್ದು 2, ಗಮನ 1, ಅಪರಿಚಿತರು 1, ಸ್ನೇಹ 1, ಉದ್ಯೋಗ 2. ನಡಿಗೆ, ಸ್ನಾನ, ಬಟ್ಟೆ ಮೂರೂ ಸೊನ್ನೆ. ಒಟ್ಟು 14. ಮೇನಲ್ಲಿ ಇಳಿದವು ನಾಲ್ಕೇ: ಉದ್ಯೋಗ 2ರಿಂದ 0, ಮನೆಗೆಲಸ 2ರಿಂದ 1, ಗಮನ 1ರಿಂದ 0, ಸಮಾರಂಭ 3ರಿಂದ 2.

ಉದ್ಯೋಗ ಸೊನ್ನೆಯಾದದ್ದು ಯಾಕೆ? ಶಾಲೆಯೇ ಇರಲಿಲ್ಲ. ಮನೆಗೆಲಸ ಇಳಿದದ್ದು ಯಾಕೆ ಎಂಬುದನ್ನು ನೀವೇ ಬರೆದಿದ್ದೀರಿ: ಹಾಸ್ಟೆಲಿನಿಂದ ಮಗಳು ಬಂದಿದ್ದಳು. ಹತ್ತು ನಿಮಿಷ ಗಮನ ಇಡಬೇಕಾದ ಉತ್ತರ ಪತ್ರಿಕೆಗಳ ಕಟ್ಟು ಮೇಜಿನ ಮೇಲೆ ಇರಲಿಲ್ಲ. ಸಮಾರಂಭದ ಒಂದಂಕವೋ, ನನಗೆ ಆ ಸಾಲು ಓದಿ ಬೇಸರವೇ ಆಯಿತು. ‘ತಂಗಿ ಮಗನ ಮದುವೆಗೆ ಹೋಗಿದ್ದೆ, ಗಟ್ಟಿಮೇಳದ ಹೊತ್ತಿಗೆ ಛತ್ರದ ಹೊರಗೆ ಬಂದು ಕೂತೆ’ ಎಂದಿದ್ದೀರಿ. ಮಾರ್ಚ್‌ನಲ್ಲಿ ಯಾವ ಮದುವೆಗೂ ಹೋಗದವರು ಮೇನಲ್ಲಿ ಧಾರೆಯ ಕ್ಷಣ ಬಿಟ್ಟು ಉಳಿದದ್ದಕ್ಕೆ ಹೋದಿರಿ. ಆ ಒಂದಂಕ ಮಾತ್ರ ನಿಜವಾದ ಸುಧಾರಣೆ ಇರಬಹುದು ಎಂದು ನನ್ನ ಅಂದಾಜು. ಉಳಿದ ನಾಲ್ಕು ಅಂಕ ರಜೆಯ ಕೊಡುಗೆ.

ರಿವರ್‌ಮೀಡ್ 33ರಿಂದ 31ಕ್ಕೆ ಮಾತ್ರ ಸರಿದದ್ದು ಇದಕ್ಕೆ ಸಾಕ್ಷಿ. ಲಕ್ಷಣಗಳು ಹೆಚ್ಚುಕಡಿಮೆ ಇದ್ದಲ್ಲೇ ಇವೆ. ನಿಮ್ಮ ಮೇಲಿನ ಹೊರೆ ಇಳಿದಿತ್ತು, ತೊಡಕು ಇಳಿಯಿತು. ಹೊರೆ ಮರಳಿತು, ತೊಡಕೂ ಮರಳಿತು. ಹೀಗಾಗಿ 14 ಮತ್ತು 9 ಎರಡೂ ನಿಜವೇ. ಒಂದು ಶಾಲೆಯಿರುವ ತಿಂಗಳ ಅಂಕ, ಇನ್ನೊಂದು ಶಾಲೆಯಿಲ್ಲದ ತಿಂಗಳದ್ದು. ಎರಡನ್ನೂ ಒಂದೇ ಗ್ರಾಫಿನಲ್ಲಿ ಚುಕ್ಕಿಯಿಟ್ಟು ಗೆರೆ ಎಳೆದರೆ ತಪ್ಪು ಮಾತಾಡುತ್ತದೆ, ಅಷ್ಟೆ.

ಹಾಗೆ ನೋಡಿದರೆ ನಿಮ್ಮ 14 ಕೂಡ ಕಡಿಮೆಯೇ ಇರಬಹುದು ಎಂಬ ಅನುಮಾನ ನನಗಿದೆ. ಹೂಡಾಸ್ ಕೈಪಿಡಿಯ ಪ್ರಕಾರ ‘ಕಷ್ಟ’ ಎಂದರೆ ಹೆಚ್ಚು ಶ್ರಮ ಬೇಕಾಗುವುದು, ನೋವು ಅಥವಾ ಅಹಿತ, ನಿಧಾನವಾಗುವುದು, ಮಾಡುವ ರೀತಿಯನ್ನೇ ಬದಲಿಸಬೇಕಾಗುವುದು ಇವೆಲ್ಲ ಸೇರಿ. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಇದನ್ನು ‘ಮಾಡಿದೆನೋ ಇಲ್ಲವೋ’ ಎಂದು ಓದಿಕೊಳ್ಳುತ್ತಾರೆ. ಅಡುಗೆ ಆಯಿತಲ್ಲ, ಹಾಗಾದರೆ ಕಷ್ಟವಿಲ್ಲ! ಅನ್ನಕ್ಕೆ ಇಟ್ಟು ಮರೆತು ತಳ ಹಿಡಿಸಿದ್ದು, ಮಧ್ಯೆ ಎರಡು ಸಲ ಕತ್ತಲ ಕೋಣೆಯಲ್ಲಿ ಮಲಗಿ ಎದ್ದದ್ದು, ಸಾರು ಮಾಡಿದ ದಿನ ಪಲ್ಯ ಬಿಟ್ಟದ್ದು ಲೆಕ್ಕಕ್ಕೇ ಬರುವುದಿಲ್ಲ. ಗಂಡಸರಲ್ಲಿ ಇದರ ಇನ್ನೊಂದು ರೂಪ: ಮನೆಗೆಲಸ ಮೊದಲೂ ಮಾಡುತ್ತಿರಲಿಲ್ಲ, ಈಗಲೂ ಇಲ್ಲ, ಆದ್ದರಿಂದ ಸೊನ್ನೆ. ಹಾಗೆಯೇ ಒಳ್ಳೆಯ ದಿನ, ಕೆಟ್ಟ ದಿನ ಎರಡನ್ನೂ ಸರಾಸರಿ ಮಾಡಿ ಉತ್ತರಿಸಬೇಕು ಎಂಬ ಸೂಚನೆಯಿದೆ. ತುಂಬುವ ದಿನ ತಲೆ ಹಗುರವಾಗಿದ್ದರೆ ಇಡೀ ತಿಂಗಳು ಹಗುರವಾಗಿತ್ತು ಅನ್ನಿಸಿಬಿಡುತ್ತದೆ.

ಹಾಳೆಯ ಕೊನೆಗೆ ಅಂಕಕ್ಕೆ ಸೇರದ ಮೂರು ಪ್ರಶ್ನೆಗಳಿವೆ. ಯಾರೂ ಅವುಗಳನ್ನು ಸರಿಯಾಗಿ ನೋಡುವುದಿಲ್ಲ. ನಾನು ಮೊದಲು ನೋಡುವುದೇ ಅವನ್ನು. ಕಳೆದ 30 ದಿನಗಳಲ್ಲಿ ಎಷ್ಟು ದಿನ ಈ ಕಷ್ಟಗಳಿದ್ದವು? ಎಷ್ಟು ದಿನ ಕೆಲಸ ಮಾಡಲು ಪೂರ್ತಿ ಆಗಲೇ ಇಲ್ಲ? ಅವನ್ನು ಬಿಟ್ಟು ಎಷ್ಟು ದಿನ ಕೆಲಸ ಕಡಿತ ಮಾಡಿದಿರಿ? ಮಾರ್ಚ್‌ನಲ್ಲಿ ನಿಮ್ಮ ಉತ್ತರ 30, 4, 11. ಅಂದರೆ ತಿಂಗಳ ಅರ್ಧ, 15 ದಿನ, ಈ ಪೆಟ್ಟು ನಿಮ್ಮ ಕೆಲಸವನ್ನು ಕಿತ್ತುಕೊಂಡಿದೆ ಅಥವಾ ಕತ್ತರಿಸಿದೆ. ‘48ಕ್ಕೆ 14’ ಎಂದರೆ ಮುಖ್ಯೋಪಾಧ್ಯಾಯರಿಗೆ ಏನೂ ಅರ್ಥವಾಗುವುದಿಲ್ಲ. ‘ತಿಂಗಳಲ್ಲಿ ನಾಲ್ಕು ದಿನ ಬರಲಾಗಲಿಲ್ಲ, ಹನ್ನೊಂದು ದಿನ ಪೀರಿಯಡ್ ಬಿಟ್ಟುಕೊಡಬೇಕಾಯಿತು’ ಎಂದರೆ ಆಗುತ್ತದೆ.

‘ಎಷ್ಟು ಪರ್ಸೆಂಟ್’ ಎಂಬ ಪ್ರಶ್ನೆ. ಗಣಿತದವರಿಗೆ ಭಾಗಿಸುವುದನ್ನು ನಾನು ಹೇಳಿಕೊಡಬೇಕಿಲ್ಲ: 14ನ್ನು 48ರಿಂದ ಭಾಗಿಸಿದರೆ ಶೇ 29. ಆದರೆ ಈ ಶೇ 29ನ್ನು ಎಲ್ಲಿಯೂ ತೋರಿಸಿಕೊಂಡು ಹೋಗಬೇಡಿ. ಮೊತ್ತ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ನಾನು ನೋಡಿದ ಒಬ್ಬ ಬಸ್ ಕಂಡಕ್ಟರ್ ಸಾಕು. ಅವರ ಹಾಳೆಯಲ್ಲಿ ನಿಲ್ಲುವುದು 1, ಮನಸ್ಸಿಗೆ ತಟ್ಟಿದ್ದು 2, ಉದ್ಯೋಗ 4, ಉಳಿದ ಒಂಬತ್ತೂ ಸೊನ್ನೆ. ಒಟ್ಟು 7, ನಿಮ್ಮ ಅರ್ಧ. ಓಡುವ ಬಸ್ಸಿನಲ್ಲಿ ನಿಂತು ಚಿಲ್ಲರೆ ಎಣಿಸಲಾಗದೆ ಆತ ಕೆಲಸವನ್ನೇ ಬಿಟ್ಟಿದ್ದರು. ಕನ್ಕಷನ್ ಆದವರಲ್ಲಿ ಸ್ನಾನ, ಬಟ್ಟೆ, ನಡಿಗೆಯ ಪ್ರಶ್ನೆಗಳಿಗೆ ಬಹುಪಾಲು ಸೊನ್ನೆಯೇ ಬರುತ್ತದೆ. ಅವು ಪಾರ್ಶ್ವವಾಯು ಆದವರಿಗೆ ಬೇಕಾದ ಪ್ರಶ್ನೆಗಳು. ನಿಮ್ಮಂಥವರ ಮೊತ್ತವನ್ನು ಸುಮ್ಮನೆ ಕೆಳಗೆ ಎಳೆಯುತ್ತವೆ. ಅದಕ್ಕೇ ನಾನು ಮೊತ್ತಕ್ಕಿಂತ ಸಾಲು ಸಾಲಾಗಿ ಓದುವುದನ್ನು ನಂಬುತ್ತೇನೆ. ಸಾಧ್ಯವಿದ್ದರೆ 36 ಪ್ರಶ್ನೆಯದನ್ನೇ ಕೊಡುತ್ತೇನೆ. ಅದರಲ್ಲಿ ತಿಳಿವಳಿಕೆಗೆ 6, ಮನೆಗೆಲಸ ಮತ್ತು ಉದ್ಯೋಗಕ್ಕೆ ತಲಾ 4, ಸಮಾಜದಲ್ಲಿ ಬೆರೆಯುವುದಕ್ಕೆ 8 ಪ್ರಶ್ನೆಗಳಿರುವುದರಿಂದ ತೊಡಕು ಇರುವ ಜಾಗ ಸರಿಯಾಗಿ ಕಾಣುತ್ತದೆ.

ಸರ್ಕಾರಿ ಪ್ರಮಾಣಪತ್ರದ ಪರ್ಸೆಂಟ್ ಬೇರೆಯೇ ಲೋಕ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿಯಿದೆ, ಮೀಸಲಾತಿಯಂಥ ಸೌಲಭ್ಯಗಳಿಗೆ ಶೇ 40 ಮೆಟ್ಟಿಲು. ಆ ಪರ್ಸೆಂಟನ್ನು ಸರ್ಕಾರ ಗೊತ್ತುಪಡಿಸಿದ ವಿಧಾನದಲ್ಲೇ ಲೆಕ್ಕ ಹಾಕಬೇಕು. ಹೂಡಾಸ್ ಅಂಕ ಅದರೊಳಗೆ ಕೂರುವುದಿಲ್ಲ. ಸುಧಾರಣೆಗೆ ಇನ್ನೂ ಜಾಗವಿರುವ ಈ ಹಂತದಲ್ಲಿ ನೀವು ಅದರ ಹಿಂದೆ ಓಡುವುದು ನನಗೆ ಸರಿ ಕಾಣುವುದಿಲ್ಲ.

ಅಪಘಾತ ಪರಿಹಾರದ ಮಾತು ಇನ್ನೂ ಬೇರೆ. ವೈದ್ಯರು ಕೊಡುವ ವೈಕಲ್ಯದ ಪರ್ಸೆಂಟೇ ಗಳಿಕೆಯ ನಷ್ಟದ ಪರ್ಸೆಂಟ್ ಆಗಬೇಕಿಲ್ಲ, ಆ ವ್ಯಕ್ತಿ ಮಾಡುತ್ತಿದ್ದ ಕೆಲಸದ ಮೇಲೆ ಏನು ಪರಿಣಾಮವಾಯಿತು ಎಂಬುದನ್ನು ನ್ಯಾಯಮಂಡಳಿ ನೋಡಬೇಕು ಎಂದು ಸುಪ್ರೀಂ ಕೋರ್ಟ್ 2010ರ ತೀರ್ಪೊಂದರಲ್ಲಿ ವಿವರವಾಗಿ ಹೇಳಿದೆ. ನಾನು ವಕೀಲನಲ್ಲ. ಆದರೆ ನಿಮ್ಮ ರಜೆ ಚೀಟಿಗಳು, ಬದಲಾದ ವೇಳಾಪಟ್ಟಿ, ಈ ನಾಲ್ಕು ಹಾಳೆ ಎಲ್ಲವನ್ನೂ ಜೋಪಾನವಾಗಿಡಿ.

ತಲೆಪೆಟ್ಟಿನ ದೊಡ್ಡ ಅಧ್ಯಯನಗಳಲ್ಲಿ ಬಳಸುವ ಇನ್ನೊಂದು ಅಳತೆಯಿದೆ: ಗ್ಲಾಸ್ಗೋ ಔಟ್‌ಕಮ್ ಸ್ಕೇಲ್‌ನ ವಿಸ್ತೃತ ರೂಪ, ಎಂಟು ಮೆಟ್ಟಿಲಿನದು. 1 ಎಂದರೆ ಸಾವು, 8 ಎಂದರೆ ಪೂರ್ತಿ ಮೊದಲಿನಂತೆ. ಕೆಲಸಕ್ಕೆ ಮರಳಿದ್ದರೂ ಮೊದಲಿನಷ್ಟು ಮಾಡಲಾಗದ ನಿಮ್ಮನ್ನು ನಾನು 6ರಲ್ಲಿ ನಿಲ್ಲಿಸುತ್ತೇನೆ. ಅಮೆರಿಕದ ಟ್ರ್ಯಾಕ್-ಟಿಬಿಐ ಎಂಬ ಅಧ್ಯಯನ 2019ರಲ್ಲಿ ಪ್ರಕಟಿಸಿದ ಫಲಿತಾಂಶ ಇದೇ ಅಳತೆಯದು. ದೊಡ್ಡ ಆಘಾತ ಚಿಕಿತ್ಸಾ ಕೇಂದ್ರಗಳಿಗೆ ಬಂದ ‘ಮೈಲ್ಡ್’ ತಲೆಪೆಟ್ಟಿನವರಲ್ಲಿ ಶೇ 53 ಮಂದಿ ವರ್ಷದ ನಂತರವೂ 8ನ್ನು ಮುಟ್ಟಿರಲಿಲ್ಲ. ಸಣ್ಣ ಪೆಟ್ಟು ತಿಂದು ಆಸ್ಪತ್ರೆಗೇ ಹೋಗದವರು ಈ ಲೆಕ್ಕದಲ್ಲಿಲ್ಲ. ಸಾಮಾನ್ಯವಾಗಿ ಕನ್ಕಷನ್ ಆದ ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ನನಗೆ ಇದಕ್ಕಿಂತ ಕುತೂಹಲದ ಅಂಕಿ ಪಕ್ಕದಲ್ಲಿದೆ. ತಲೆಗೆ ಏನೂ ಆಗದೆ ಕೈಕಾಲು ಮುರಿದುಕೊಂಡವರಲ್ಲೂ ಶೇ 38 ಮಂದಿ 8ನ್ನು ಮುಟ್ಟಿರಲಿಲ್ಲ. ಅಪಘಾತವೇ ಮನುಷ್ಯನನ್ನು ಅಲುಗಾಡಿಸುತ್ತದೆ: ನೋವು, ನಿದ್ದೆಗೇಡು, ಮತ್ತೆ ಸ್ಕೂಟರ್ ಹತ್ತುವ ಭಯ, ಸಾಲ. ಎಲ್ಲ ತೊಡಕೂ ಮಿದುಳಿನಿಂದಲೇ ಬಂದದ್ದು ಎಂದು ತಿಳಿಯಬೇಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಿಮ್ಮ ರಿವರ್‌ಮೀಡ್ ಹಾಳೆಯಲ್ಲಿ ನಿದ್ದೆಗೆ 4, ಗದ್ದಲಕ್ಕೆ 4, ತಲೆನೋವಿಗೆ 3 ಇದೆ. ಅಪಘಾತಕ್ಕೆ ಮೊದಲೇ ವರ್ಷಕ್ಕೆ ಮೂರ್ನಾಲ್ಕು ಸಲ ಅರೆತಲೆನೋವು ಬರುತ್ತಿತ್ತು ಎಂದೂ ಬರೆದಿದ್ದೀರಿ. ಮೈಗ್ರೇನ್‌ಗೆ ಚಿಕಿತ್ಸೆಯಿದೆ. ನಿದ್ದೆ ಸರಿಪಡಿಸಬಹುದು. ಕುತ್ತಿಗೆಯ ಉಳುಕು, ಒಳಗಿವಿಯ ತಲೆಸುತ್ತು ಇವನ್ನು ಫಿಸಿಯೋಥೆರಪಿಸ್ಟ್ ಪರೀಕ್ಷಿಸಬಹುದು. ಮನಸ್ಸಿನ ಕುಗ್ಗುವಿಕೆಗೆ ಬೇರೆ ಪ್ರಶ್ನಾವಳಿಯೇ ಇದೆ. ಕೇಳಿ ತುಂಬಿಸಿಕೊಳ್ಳಿ, ಸಂಕೋಚ ಬೇಡ. ಒಟ್ಟು ಅಂಕ ಹಿಡಿದು ಕೂತರೆ ಇವು ಯಾವುವೂ ಕಾಣುವುದಿಲ್ಲ.

ನೆನಪಿನ ಪರೀಕ್ಷೆ ಮಾಡಿಸಲೇ ಎಂದೂ ಕೇಳಿದ್ದೀರಿ. ಮಾಡಿಸಬಹುದು. 2004ರಲ್ಲಿ ಬಂದ ನಿಮ್ಹಾನ್ಸ್ ನ್ಯೂರೋಸೈಕಾಲಜಿ ಬ್ಯಾಟರಿ ಎಂಬ ಪರೀಕ್ಷೆಗಳ ಗುಚ್ಛದಲ್ಲಿ ನಮ್ಮವರ ವಯಸ್ಸು, ಓದಿಗೆ ತಕ್ಕ ಮಾನದಂಡಗಳಿವೆ. ಆದರೆ ಫಲಿತಾಂಶ ನಾರ್ಮಲ್ ಬಂದರೆ ಆಶ್ಚರ್ಯಪಡಬೇಡಿ. ಆ ಪರೀಕ್ಷೆ ನಡೆಯುವುದು ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಬ್ಬರ ಎದುರು ಒಬ್ಬರು ಕೂತು. ನಿಮ್ಮ ತರಗತಿಯಲ್ಲಿ 52 ಮಕ್ಕಳು, ಪಕ್ಕದ ಮೈದಾನದಲ್ಲಿ ಪಿ.ಟಿ. ಮೇಷ್ಟ್ರ ಸೀಟಿ. ಕೋಣೆಯಲ್ಲಿ ಪಾಸಾದವರು ತರಗತಿಯಲ್ಲಿ ಸೋಲಬಹುದು, ಎರಡೂ ನಿಜ.

ಈಗ ಮಾಡಬೇಕಾದದ್ದು. ಆಗಸ್ಟ್ ಮೊದಲ ವಾರ ಎರಡೂ ಹಾಳೆಗಳನ್ನು ಮತ್ತೆ ತುಂಬಿ. ಅಷ್ಟರಲ್ಲಿ ಹಿಂದಿನ 30 ದಿನವೂ ಶಾಲೆ ನಡೆದಿರುತ್ತದೆ, ಮಾರ್ಚ್‌ನ 14ಕ್ಕೆ ಹೋಲಿಸಲು ಆಗ ಮಾತ್ರ ನ್ಯಾಯ. ಮಾರ್ಚ್‌ನಲ್ಲಿ ವಾರದ ಮಧ್ಯೆ, ಸಂಜೆ ಹೊತ್ತು ತುಂಬಿದ್ದಿರಿ; ಈಗಲೂ ಹಾಗೇ ಮಾಡಿ. ಭಾನುವಾರ ಬೆಳಿಗ್ಗೆ ಬೇಡ, ರಿವರ್‌ಮೀಡ್ ಕೇಳುವುದು ಹಿಂದಿನ ಒಂದೇ ದಿನವನ್ನು. ಹೂಡಾಸ್‌ನಲ್ಲಿ ಮನೆಯವರು ತುಂಬುವ ರೂಪವೂ ಇದೆ. ಅದನ್ನು ನಿಮ್ಮ ಯಜಮಾನರ ಕೈಗೆ ಕೊಡಿ, ಬೇರೆ ಕೋಣೆಯಲ್ಲಿ ಕೂತು ತುಂಬಲಿ, ಒಬ್ಬರದನ್ನೊಬ್ಬರು ನೋಡಬೇಡಿ. ಎರಡೂ ಹಾಳೆಗಳ ನಡುವೆ ಎಲ್ಲಿ ಎರಡಂಕಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತದೋ ಆ ಸಾಲಿನ ಬಗ್ಗೆ ಇಬ್ಬರೂ ನಿಮ್ಮ ಡಾಕ್ಟರ ಮುಂದೆ ಮಾತಾಡಿ.

ಅಲ್ಲಿಯವರೆಗೆ ಪೂರ್ತಿ ವಿಶ್ರಾಂತಿ ಎಂದು ಮಲಗಬೇಡಿ. ಪೆಟ್ಟು ಬಿದ್ದ ಮೊದಲ ಒಂದೆರಡು ದಿನ ದಾಟಿದ ಮೇಲೆ ಕಟ್ಟುನಿಟ್ಟಿನ ವಿಶ್ರಾಂತಿಯಿಂದ ಲಾಭವಿಲ್ಲ ಎಂಬುದು 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರ ಒಮ್ಮತವೂ ಹೌದು. ಮುಖ್ಯೋಪಾಧ್ಯಾಯರ ಬಳಿ ಕೇಳಬಹುದಾದದ್ದು ಇಷ್ಟು: ಸತತ ಮೂರು ಪೀರಿಯಡ್ ಬೇಡ, ಎರಡರ ನಂತರ ಒಂದು ಬಿಡುವು, ಮಧ್ಯಾಹ್ನದ ಬಿಸಿಯೂಟದ ಉಸ್ತುವಾರಿ ಈ ಅವಧಿಗೆ ಬೇರೆಯವರಿಗೆ. ಹೊಸದಾಗಿ ಕೈಕಾಲಿನಲ್ಲಿ ಬಲ ಕಡಿಮೆಯಾದರೆ, ಫಿಟ್ಸ್ ಬಂದರೆ, ತಲೆನೋವು ದಿನದಿಂದ ದಿನಕ್ಕೆ ಏರುತ್ತ ವಾಂತಿಯಾದರೆ ಮಾತ್ರ ಆಗಸ್ಟ್‌ಗೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಮುಂದಿನ ಹಾಳೆಗಳನ್ನು ಕಳಿಸುವಾಗ ಅಂಚಿನಲ್ಲಿ ಬರೆಯುವುದನ್ನು ಬಿಡಬೇಡಿ. ಆ ಗಟ್ಟಿಮೇಳದ ಸಾಲು ಇಲ್ಲದಿದ್ದರೆ 3 ಯಾಕೆ 2 ಆಯಿತೆಂದು ನನಗೂ ಗೊತ್ತಾಗುತ್ತಿರಲಿಲ್ಲ.